ರಾಂಟ್ಜೆನ್ ಕ್ಷ-ಕಿರಣ ಕಂಡುಹಿಡಿದದ್ದು ನಿಜಕ್ಕೂ ಆಕಸ್ಮಿಕವೇ?

ಪ್ರಶ್ನೆ — ಮಲೆನಾಡಿನ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮಕ್ಕಳಿಗಾಗಿ ಬರುವ ಬಹುತೇಕ ಬರಹಗಳಲ್ಲಿ ಕ್ಷ-ಕಿರಣದ ಕಥೆ ಒಂದೇ ಧಾಟಿಯಲ್ಲಿ ಸಾಗುತ್ತದೆ: 1895ರ ನವೆಂಬರ್ 8ರ ಸಂಜೆ ಜರ್ಮನಿಯ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜೆನ್ ಯಾವುದೋ ಪ್ರಯೋಗದಲ್ಲಿ ತೊಡಗಿದ್ದರು, ಸಮೀಪದಲ್ಲಿದ್ದ ಪರದೆಯೊಂದು ಮಿನುಗಿತು, ಕ್ಷ-ಕಿರಣ ಸಿಕ್ಕಿಬಿಟ್ಟಿತು. ಇಷ್ಟನ್ನೇ ಹೇಳಿ ಮುಗಿಸಿದರೆ ಎಲ್ಲವೂ ಅದೃಷ್ಟದಿಂದ ಆಯಿತೆಂಬ ಭಾವನೆ ಮಕ್ಕಳಲ್ಲಿ ಉಳಿಯುತ್ತದೆ. ಇತ್ತೀಚೆಗೆ ಒಬ್ಬ ವಿದ್ಯಾರ್ಥಿನಿ, "ಆ ಪರದೆ ಬೇರೆಯವರ ಕೋಣೆಯಲ್ಲಿದ್ದಿದ್ದರೆ ನೊಬೆಲ್ ಅವರಿಗೇ ಸಿಗುತ್ತಿತ್ತಲ್ಲವೇ?" ಎಂದು ಕೇಳಿದಳು. ಪ್ರಶ್ನೆ ತೀರ ಸರಿಯಾದದ್ದು ಎಂದು ನನಗನ್ನಿಸಿತು.

ಕ್ರೂಕ್ಸ್, ಹಿಟಾರ್ಫ್, ಹರ್ಟ್ಸ್, ಲೆನಾರ್ಡ್ ಮುಂತಾದ ಹಲವರು ರಾಂಟ್ಜೆನ್ ಅವರಿಗಿಂತ ಮೊದಲೇ ಗಾಳಿ ತೆಗೆದ ಗಾಜಿನ ನಿರ್ವಾತ ನಳಿಕೆಗಳಲ್ಲಿ ಕ್ಯಾಥೋಡ್ ಕಿರಣಗಳನ್ನು (ಋಣ ವಿದ್ಯುದಗ್ರದಿಂದ ಹೊರಡುವ ಎಲೆಕ್ಟ್ರಾನ್‌ಗಳ ಹರಿವನ್ನು) ಅಭ್ಯಸಿಸಿದ್ದರು. ಅಂದ ಮೇಲೆ ಅವರ ಪ್ರಯೋಗಾಲಯಗಳಲ್ಲಿಯೂ ಈ ಕಿರಣಗಳು ಹುಟ್ಟುತ್ತಿದ್ದಿರಲೇಬೇಕು. ಹಾಗಾದರೆ ರಾಂಟ್ಜೆನ್ ಅವರು ಹೆಚ್ಚಾಗಿ ಮಾಡಿದ್ದೇನು? ಅದನ್ನು ಹತ್ತನೆಯ ತರಗತಿಯ ಮಕ್ಕಳಿಗೆ ಅರ್ಥವಾಗುವಂತೆ, ಆದರೆ ವಿಷಯವನ್ನು ಸವಕಲು ಮಾಡದೆ ಹೇಳುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ — ನಿವೃತ್ತ ಭೌತಶಾಸ್ತ್ರ ಅಧ್ಯಾಪಕ

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ನವೆಂಬರ್ 8ರ ಸಂಜೆಯಲ್ಲಿ ಅಲ್ಲ, ಅಲ್ಲಿಂದ ಡಿಸೆಂಬರ್ 28ರವರೆಗಿನ ಏಳು ವಾರಗಳಲ್ಲಿ. ಪರದೆ ಮಿನುಗಿದ್ದು ಆಕಸ್ಮಿಕವೆಂದು ಧಾರಾಳವಾಗಿ ಒಪ್ಪಿಕೊಳ್ಳೋಣ. ನಳಿಕೆಯನ್ನು ಕಪ್ಪು ರಟ್ಟಿನಿಂದ ಬೆಳಕು ಹೊರಬಾರದಂತೆ ಮುಚ್ಚಲಾಗಿತ್ತು, ಕೋಣೆ ಕತ್ತಲಾಗಿತ್ತು, ಇಂಡಕ್ಷನ್ ಕಾಯಿಲ್ ಎಂಬ ಅಧಿಕ ವೋಲ್ಟೇಜಿನ ಸುರುಳಿಯಿಂದ ನಳಿಕೆಗೆ ವಿದ್ಯುತ್ ಹರಿಸಿದಾಗಲೆಲ್ಲ, ಕಿರಣ ಬಿದ್ದರೆ ಹೊಳೆಯುವ ಬೇರಿಯಂ ಪ್ಲಾಟಿನೋಸಯನೈಡ್ ಎಂಬ ರಾಸಾಯನಿಕ ಬಳಿದ ಕಾಗದದ ಪರದೆ ಹೊಳೆಯುತ್ತಿತ್ತು. ರಾಂಟ್ಜೆನ್ ತಮ್ಮ ಪ್ರಯೋಗದ ಟಿಪ್ಪಣಿಗಳನ್ನು ತಮ್ಮ ಮರಣಾನಂತರ ಸುಟ್ಟುಹಾಕಬೇಕೆಂದು ಉಯಿಲಿನಲ್ಲಿ ಬರೆದಿದ್ದರಿಂದ ಆ ಸಂಜೆಯ ಕ್ಷಣಕ್ಷಣದ ವಿವರ ಅವರ ಕೈಬರಹದಲ್ಲಿ ಉಳಿದಿಲ್ಲ. ಕಥೆಗಳು ಬೆಳೆಯಲು ಅದೂ ಒಂದು ಕಾರಣ. ಆದರೆ ಡಿಸೆಂಬರ್ 28ರಂದು ಅವರು ವುರ್ಟ್ಸ್‌ಬರ್ಗ್‌ನ ಭೌತ-ವೈದ್ಯಕೀಯ ಸಂಘಕ್ಕೆ ಒಪ್ಪಿಸಿದ 'ಹೊಸ ಬಗೆಯ ಕಿರಣಗಳನ್ನು ಕುರಿತು' ಎಂಬ ಪ್ರಬಂಧ ನಮ್ಮ ಮುಂದಿದೆ. 17 ಸಣ್ಣ ವಿಭಾಗಗಳ ಆ ಪ್ರಬಂಧವನ್ನು ಒಮ್ಮೆ ಓದಿದವರು ಆಕಸ್ಮಿಕ ಎಂಬ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು.

ಅವರು ಮೊದಲು ಕೇಳಿಕೊಂಡದ್ದು, ಇದು ಕ್ಯಾಥೋಡ್ ಕಿರಣವೇ ಆಗಿರಬಹುದೇ ಎಂಬ ಪ್ರಶ್ನೆಯನ್ನು. ಕ್ಯಾಥೋಡ್ ಕಿರಣಗಳು ಸಾಮಾನ್ಯ ಗಾಳಿಯಲ್ಲಿ ಕೆಲವು ಸೆಂಟಿಮೀಟರ್‌ಗಳಷ್ಟು ದೂರ ಮಾತ್ರ ಸಾಗುತ್ತವೆ ಎಂಬುದು ಲೆನಾರ್ಡ್ ಅವರ ಪ್ರಯೋಗಗಳಿಂದ ತಿಳಿದಿತ್ತು. ಇಲ್ಲಿ ಪರದೆಯನ್ನು ಎರಡು ಮೀಟರ್ ಆಚೆ ಇಟ್ಟರೂ ಹೊಳಪು ಕಾಣುತ್ತಿತ್ತು. ಕ್ಯಾಥೋಡ್ ಕಿರಣಗಳು ಆಯಸ್ಕಾಂತಕ್ಕೆ ಬಾಗುತ್ತವೆ, ಇವು ಪ್ರಬಲ ಆಯಸ್ಕಾಂತಕ್ಕೂ ಬಾಗಲಿಲ್ಲ. ಅಲ್ಲಿಗೆ ನಿಲ್ಲದೆ ಅವರು, ಈ ಕಿರಣ ಹುಟ್ಟುವುದು ನಳಿಕೆಯ ಯಾವ ಜಾಗದಲ್ಲಿ ಎಂದು ಹುಡುಕಿದರು. ಕ್ಯಾಥೋಡ್ ಕಿರಣ ಬಡಿದು ಗಾಜಿನ ಗೋಡೆ ಅತ್ಯಂತ ಪ್ರಖರವಾಗಿ ಹೊಳೆಯುವ ಸ್ಥಳವೇ ಅದರ ಉಗಮವೆಂದು ಕಂಡಿತು. ಆಯಸ್ಕಾಂತದಿಂದ ಕ್ಯಾಥೋಡ್ ಕಿರಣವನ್ನು ನಳಿಕೆಯೊಳಗೇ ಬೇರೆಡೆಗೆ ಬಾಗಿಸಿದಾಗ ಹೊಸ ಕಿರಣದ ಉಗಮವೂ ಅದರ ಜೊತೆಯಲ್ಲೇ ಸರಿಯಿತು. ಹೊಸ ಕಿರಣ ಕ್ಯಾಥೋಡ್ ಕಿರಣವಲ್ಲ, ಆದರೆ ಅದರ ಬಡಿತದಿಂದ ಹುಟ್ಟುವಂಥದ್ದು ಎಂಬ ತೀರ್ಮಾನವನ್ನು ಇಷ್ಟು ಸರಳವಾದ, ಇಷ್ಟು ನಿರ್ಣಾಯಕವಾದ ಪ್ರಯೋಗದಿಂದ ಪಡೆದದ್ದನ್ನು ನೋಡಿದಾಗಲೆಲ್ಲ ನನಗೆ ಆ ಮನುಷ್ಯನ ಮೇಲಿನ ಗೌರವ ಹೆಚ್ಚಾಗುತ್ತದೆ.

ಆಮೇಲೆ ವಸ್ತುಗಳ ಸರದಿ. ಸುಮಾರು ಸಾವಿರ ಪುಟಗಳ ಪುಸ್ತಕದ ಹಿಂದೆಯೂ ಪರದೆ ಹೊಳೆಯಿತು. ಎರಡು-ಮೂರು ಸೆಂಟಿಮೀಟರ್ ದಪ್ಪದ ಹಲಗೆ ಕಿರಣವನ್ನು ತಡೆದದ್ದು ಅತ್ಯಲ್ಪ. 15 ಮಿಲಿಮೀಟರ್ ಅಲ್ಯೂಮಿನಿಯಂ ಅದನ್ನು ಸಾಕಷ್ಟು ಕುಗ್ಗಿಸಿತಾದರೂ ಪೂರ್ತಿ ತಡೆಯಲಿಲ್ಲ. 1.5 ಮಿಲಿಮೀಟರ್ ಸೀಸ ಬಹುಮಟ್ಟಿಗೆ ತಡೆದುಬಿಟ್ಟಿತು. ಸಾಂದ್ರತೆ ಹೆಚ್ಚಿದಂತೆ ತಡೆಯುವ ಶಕ್ತಿ ಹೆಚ್ಚುತ್ತದೆ ಎಂದು ಬರೆದ ಅವರು, ಅದೊಂದೇ ಕಾರಣವಲ್ಲ ಎಂಬುದನ್ನೂ ತೋರಿಸಿದರು. ಗಾಜು, ಅಲ್ಯೂಮಿನಿಯಂ, ಸ್ಫಟಿಕ ಶಿಲೆ ಮತ್ತು ಕ್ಯಾಲ್ಸೈಟ್, ಈ ನಾಲ್ಕರ ಸಾಂದ್ರತೆ ಹೆಚ್ಚುಕಡಿಮೆ ಒಂದೇ. ಒಂದೇ ದಪ್ಪದ ಫಲಕಗಳನ್ನು ಹೋಲಿಸಿದಾಗ ಮೊದಲ ಮೂರು ಒಂದೇ ರೀತಿ ವರ್ತಿಸಿದವು, ಕ್ಯಾಲ್ಸೈಟ್ ಮಾತ್ರ ಸ್ಪಷ್ಟವಾಗಿ ಹೆಚ್ಚು ತಡೆಯಿತು. ಇದರ ಜೊತೆಗೆ ಛಾಯಾಫಲಕದ ಮೇಲೆ ಚಿತ್ರಗಳು: ಮುಚ್ಚಿದ ಮರದ ಪೆಟ್ಟಿಗೆಯೊಳಗಿನ ತೂಕದ ಬಟ್ಟುಗಳು, ದಿಕ್ಸೂಚಿ, ಡಿಸೆಂಬರ್ 22ರಂದು ಪತ್ನಿ ಆನಾ ಬರ್ತಾ ಅವರ ಉಂಗುರ ತೊಟ್ಟ ಕೈ.

1896ರ ಜನವರಿ 1ರಂದು ಅವರು ಪ್ರಬಂಧದ ಪ್ರತಿಗಳನ್ನು ಚಿತ್ರಗಳೊಂದಿಗೆ ಹಲವು ಭೌತವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ಜನವರಿ 5ರಂದು ವಿಯೆನ್ನಾದ ಪತ್ರಿಕೆಯಲ್ಲಿ ಸುದ್ದಿ ಬಂತು. ಕೆಲವೇ ವಾರಗಳಲ್ಲಿ ಯುರೋಪು, ಅಮೆರಿಕಗಳ ಎಷ್ಟೋ ಪ್ರಯೋಗಾಲಯಗಳು ಅದೇ ಪ್ರಯೋಗವನ್ನು ಯಶಸ್ವಿಯಾಗಿ ಮಾಡಿದವು, ಏಕೆಂದರೆ ಬೇಕಾದ ಉಪಕರಣಗಳೆಲ್ಲ ಅವುಗಳಲ್ಲಿ ಮೊದಲೇ ಇದ್ದವು. ನಿಮ್ಮ ವಿದ್ಯಾರ್ಥಿನಿಗೆ ಇದನ್ನೇ ಹೇಳಿ: ಉಪಕರಣ ಎಲ್ಲರ ಬಳಿಯೂ ಇತ್ತು, ಆ ಏಳು ವಾರಗಳ ಕೆಲಸವನ್ನು ಮಾಡಿದವರು ಒಬ್ಬರೇ. ಹೊಳಪನ್ನು ಕಂಡಾಗ ಏನೆಂದು ಯೋಚಿಸಿದಿರಿ ಎಂದು ಪತ್ರಕರ್ತರೊಬ್ಬರು ಕೇಳಿದಾಗ ಅವರು ಕೊಟ್ಟ ಉತ್ತರವೂ ಅದೇ ಆಗಿತ್ತು: "ನಾನು ಯೋಚಿಸಲಿಲ್ಲ, ಪರೀಕ್ಷಿಸಿದೆ."

ಉತ್ತರ — ರೇಡಿಯೋಗ್ರಾಫರ್

ಮೇಲಿನ ಉತ್ತರದಲ್ಲಿ ಬಂದಿರುವ ಕ್ಯಾಲ್ಸೈಟ್ ವಿಷಯವನ್ನು ನಾನು ಮುಂದುವರಿಸಬಯಸುತ್ತೇನೆ, ಏಕೆಂದರೆ ನನ್ನಂಥವರ ದಿನನಿತ್ಯದ ಕೆಲಸವೆಲ್ಲ ಅದರ ಮೇಲೆಯೇ ನಿಂತಿದೆ. ಕ್ಯಾಲ್ಸೈಟ್ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ರಾಂಟ್ಜೆನ್ ಅವರಿಗೆ ಅಂದು ಕಾರಣ ಗೊತ್ತಾಗುವಂತಿರಲಿಲ್ಲ, ಪರಮಾಣು ಸಂಖ್ಯೆಯ (ಪರಮಾಣುವಿನಲ್ಲಿರುವ ಪ್ರೋಟಾನ್‌ಗಳ ಸಂಖ್ಯೆಯ) ಕಲ್ಪನೆಯೇ ಇನ್ನೂ ಬಂದಿರಲಿಲ್ಲ. ಇಂದು ನಮಗೆ ತಿಳಿದಿರುವಂತೆ, ಕಡಿಮೆ ಶಕ್ತಿಯ ಕ್ಷ-ಕಿರಣವನ್ನು ಹೀರುವ ಸಾಮರ್ಥ್ಯ ಧಾತುವಿನ ಪರಮಾಣು ಸಂಖ್ಯೆಯ ಸುಮಾರು ಘನದಷ್ಟು (ಮೂರನೆಯ ಘಾತದಷ್ಟು) ವೇಗದಲ್ಲಿ ಏರುತ್ತದೆ. ಮಾಂಸಖಂಡದಲ್ಲಿರುವ ಇಂಗಾಲದ ಸಂಖ್ಯೆ 6, ಆಮ್ಲಜನಕದ್ದು 8, ಮೂಳೆಯಲ್ಲಿರುವ ಕ್ಯಾಲ್ಸಿಯಂನದು 20. ಕೈಯ ಎಕ್ಸ್-ರೇಯಲ್ಲಿ ಮೂಳೆ ಬೆಳ್ಳಗೆ ಎದ್ದು ಕಾಣಲು ಮೂಳೆಯ ಗಟ್ಟಿತನಕ್ಕಿಂತ ಈ ಕ್ಯಾಲ್ಸಿಯಂ ದೊಡ್ಡ ಕಾರಣ. ಸೀಸದ ಸಂಖ್ಯೆ 82. ಸೀಸವಿರುವ ಗಾಜು, ಸೀಸವಿಲ್ಲದ ಗಾಜಿಗಿಂತ ಬಹಳ ಹೆಚ್ಚು ತಡೆಯುತ್ತದೆ ಎಂಬುದೂ ಆ ಮೊದಲ ಪ್ರಬಂಧದಲ್ಲೇ ಇದೆ. ನಮ್ಮ ಎಕ್ಸ್-ರೇ ಕೋಣೆಯಲ್ಲಿ ರೋಗಿಯನ್ನು ನೋಡಲು ಇಟ್ಟಿರುವ ಕಿಟಕಿಯ ಗಾಜು ಅದೇ ಸೀಸದ ಗಾಜು.

ನಳಿಕೆಯ ವಿಷಯದಲ್ಲಿ ಬದಲಾದದ್ದು ಬಹಳ. ಅಂದಿನ ನಳಿಕೆಯಲ್ಲಿ ಉಳಿದಿರುವ ಅನಿಲದ ಒತ್ತಡವನ್ನೇ ನಂಬಬೇಕಾಗಿತ್ತು, ಕಿರಣದ ಪ್ರಮಾಣ ಬಳಸುತ್ತ ಬಳಸುತ್ತ ಏರುಪೇರಾಗುತ್ತಿತ್ತು. 1913ರಲ್ಲಿ ವಿಲಿಯಂ ಕೂಲಿಡ್ಜ್ ಕಾಯಿಸಿದ ಟಂಗ್‌ಸ್ಟನ್ ತಂತಿಯಿಂದ ಎಲೆಕ್ಟ್ರಾನ್‌ಗಳನ್ನು ಹೊರಡಿಸುವ ನಳಿಕೆಯನ್ನು ರೂಪಿಸಿದ ಮೇಲೆ ಕಿರಣದ ಪ್ರಮಾಣ ಮತ್ತು ತೀಕ್ಷ್ಣತೆ ಎರಡನ್ನೂ ಬೇರೆಬೇರೆಯಾಗಿ ನಿಯಂತ್ರಿಸಲು ಸಾಧ್ಯವಾಯಿತು. ಇಂದಿಗೂ ನಳಿಕೆಗೆ ಕೊಟ್ಟ ಶಕ್ತಿಯಲ್ಲಿ ಸುಮಾರು ಶೇ. 1ರಷ್ಟು ಮಾತ್ರ ಕ್ಷ-ಕಿರಣವಾಗುತ್ತದೆ, ಉಳಿದದ್ದೆಲ್ಲ ಶಾಖ. ಎಲೆಕ್ಟ್ರಾನ್‌ಗಳು ಬಡಿಯುವ ಆನೋಡ್ ಬಿಲ್ಲೆ ತಿರುಗುತ್ತಿರುವುದು ಆ ಶಾಖವನ್ನು ಹಂಚಿಕೊಳ್ಳಲಿಕ್ಕಾಗಿ.

ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ ಪ್ರಾಣ ತೆತ್ತವರನ್ನು ದಯವಿಟ್ಟು ಬಿಡಬೇಡಿ. 1896ರಲ್ಲಿಯೇ ಚರ್ಮ ಸುಟ್ಟ, ಕೂದಲು ಉದುರಿದ ವರದಿಗಳು ಬರತೊಡಗಿದ್ದವು. ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡರು, ಅವರ ಸ್ಥಿತಿಯನ್ನು ಕಂಡು ಎಡಿಸನ್ ಕ್ಷ-ಕಿರಣದ ಕೆಲಸದಿಂದ ದೂರ ಸರಿದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ವರ್ಷವೇ ರೋಗಿಗಳ ಎಕ್ಸ್-ರೇ ತೆಗೆದ ವೈದ್ಯ ಜಾನ್ ಹಾಲ್-ಎಡ್ವರ್ಡ್ಸ್ 1908ರಲ್ಲಿ ಎಡಗೈ ಕಳೆದುಕೊಂಡರು. ಹ್ಯಾಂಬರ್ಗ್‌ನ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಇಂಥವರ ಹೆಸರುಗಳನ್ನು ಕೆತ್ತಿದ ಸ್ಮಾರಕ 1936ರಲ್ಲಿ ಸ್ಥಾಪನೆಯಾಯಿತು. ರಾಂಟ್ಜೆನ್ ಅವರಿಗೆ ಇಂಥ ಗಾಯಗಳಾಗಲಿಲ್ಲ. ಗಾಳಿಯನ್ನು ಈ ಕಿರಣಗಳು ವಿದ್ಯುದ್ವಾಹಕವಾಗಿಸುವುದನ್ನು ಅಳೆಯುವಾಗ ಹೊರಗಿನ ವಿದ್ಯುತ್ ಪ್ರಭಾವ ತಾಗಬಾರದೆಂದು ಅವರು ಸತುವಿನ ತಗಡಿನ ದೊಡ್ಡ ಪೆಟ್ಟಿಗೆಯೊಂದನ್ನು ಮಾಡಿಸಿ, ನಳಿಕೆಯ ಕಡೆಯ ಗೋಡೆಗೆ ಸೀಸವನ್ನು ಹೊದಿಸಿ, ಅದರೊಳಗೆ ನಿಂತು ಕೆಲಸ ಮಾಡುತ್ತಿದ್ದರು. ಅಳತೆಯ ನಿಖರತೆಗಾಗಿ ಮಾಡಿದ್ದು ಅವರ ದೇಹವನ್ನೂ ಕಾಯಿತು.

ಎಕ್ಸ್-ರೇ ಎಂದರೆ ಇಂದಿಗೂ ಹೆದರುವ ರೋಗಿಗಳಿಗೆ ನಾನು ಹೇಳುವ ಲೆಕ್ಕ ಇಷ್ಟೇ: ಎದೆಯ ಒಂದು ಎಕ್ಸ್-ರೇಯಿಂದ ದೇಹಕ್ಕೆ ಸಿಗುವುದು 0.1 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಅಳತೆ) ಅಥವಾ ಅದಕ್ಕಿಂತ ಕಡಿಮೆ. ನೆಲ, ಗಾಳಿ, ಆಕಾಶಗಳಿಂದ ಪ್ರಪಂಚದ ಜನರಿಗೆ ಸರಾಸರಿಯಾಗಿ ವರ್ಷಕ್ಕೆ ಸಿಗುವುದು ಸುಮಾರು 2.4 ಮಿಲಿಸೀವರ್ಟ್. ಎದೆಯ ಸಿಟಿ ಸ್ಕ್ಯಾನ್‌ನದು ಎಕ್ಸ್-ರೇಗಿಂತ ಹಲವು ಹತ್ತು ಪಟ್ಟು ಹೆಚ್ಚು, ಆದ್ದರಿಂದಲೇ ಅದನ್ನು ವೈದ್ಯರು ಅಗತ್ಯ ನೋಡಿ ಬರೆಯಬೇಕು.

ಮಲೆನಾಡಿನ ವಿಜ್ಞಾನ ಶಿಕ್ಷಕಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕ್ಯಾಲ್ಸೈಟಿನಿಂದ ಮೂಳೆಗೆ ಬರುವ ದಾರಿಯನ್ನು ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ. ಲೆನಾರ್ಡ್ ಅವರ ಬಗ್ಗೆ ಇನ್ನೊಂದು ಸಂದೇಹ. ಕ್ಷ-ಕಿರಣದ ನಿಜವಾದ ಶ್ರೇಯಸ್ಸು ಲೆನಾರ್ಡ್ ಅವರಿಗೆ ಸಲ್ಲಬೇಕಾಗಿತ್ತು, ಅವರಿಗೆ ಅನ್ಯಾಯವಾಯಿತು ಎಂಬ ವಾದವನ್ನು ಅಲ್ಲಲ್ಲಿ ಓದಿದ್ದೇನೆ. ಅದರಲ್ಲಿ ತಿರುಳಿದೆಯೇ?

ಉತ್ತರ — ವಿಜ್ಞಾನ ಇತಿಹಾಸದ ಓದುಗ

ಶಿಕ್ಷಕಿಯವರೇ, ಲೆನಾರ್ಡ್ ಅವರ ಕೊಡುಗೆ ದೊಡ್ಡದು, ಅವರ ವಾದ ದುರ್ಬಲವಾದದ್ದು. ನಳಿಕೆಗೆ ತೆಳುವಾದ ಅಲ್ಯೂಮಿನಿಯಂ ಕಿಟಕಿಯನ್ನು ಇಟ್ಟು ಕ್ಯಾಥೋಡ್ ಕಿರಣಗಳನ್ನು ಹೊರಗಿನ ಗಾಳಿಗೆ ತಂದವರು ಅವರು. ರಾಂಟ್ಜೆನ್ ತಮ್ಮ ಕೆಲಸವನ್ನು ಆರಂಭಿಸಿದ್ದೇ ಆ ಪ್ರಯೋಗಗಳನ್ನು ಮತ್ತೆ ಮಾಡಿ ನೋಡುವ ಉದ್ದೇಶದಿಂದ, ಮೊದಲ ಪ್ರಬಂಧದಲ್ಲಿ ಲೆನಾರ್ಡ್ ಅವರ ಹೆಸರನ್ನು ಎತ್ತಿಯೇ ಹೇಳಿದ್ದಾರೆ. ಲೆನಾರ್ಡ್ ಅವರ ನಳಿಕೆಯಿಂದಲೂ ಕ್ಷ-ಕಿರಣ ಹೊರಬರುತ್ತಿದ್ದಿರಬೇಕು ಎಂಬುದೂ ನಿಜ. ಆದರೆ ಅವರು ಬಳಸುತ್ತಿದ್ದ ಪರದೆಗೆ ಬಳಿದ ಕೀಟೋನ್ ಸಂಯುಕ್ತ ಕ್ಯಾಥೋಡ್ ಕಿರಣಕ್ಕೆ ಚೆನ್ನಾಗಿ ಹೊಳೆಯುವಂಥದ್ದು, ಕ್ಷ-ಕಿರಣಕ್ಕೆ ಹೆಚ್ಚುಕಡಿಮೆ ಹೊಳೆಯದಂಥದ್ದು. ಅವರು ಹುಡುಕುತ್ತಿದ್ದದ್ದು ಕಿಟಕಿಯಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ. ಫಿಲಡೆಲ್ಫಿಯಾದಲ್ಲಿ ಆರ್ಥರ್ ಗುಡ್‌ಸ್ಪೀಡ್ ಮತ್ತು ವಿಲಿಯಂ ಜೆನ್ನಿಂಗ್ಸ್ ಎಂಬವರ ಛಾಯಾಫಲಕದ ಮೇಲೆ 1890ರ ಫೆಬ್ರವರಿಯಲ್ಲೇ ದುಂಡನೆಯ ಎರಡು ನೆರಳುಗಳು ಮೂಡಿದ್ದವು. ಅವರು ಅದನ್ನು ಎತ್ತಿಟ್ಟು ಮರೆತರು, 1896ರಲ್ಲಿ ರಾಂಟ್ಜೆನ್ ಅವರ ಸುದ್ದಿ ಬಂದ ಮೇಲೆ ಹುಡುಕಿ ತೆಗೆದರು, ಆದರೆ ಮೊದಲಿಗರು ತಾವೆಂದು ಹಕ್ಕು ಸಾಧಿಸಲಿಲ್ಲ. ನಿಮ್ಮ ವಿದ್ಯಾರ್ಥಿನಿ ಊಹಿಸಿದ ಸನ್ನಿವೇಶ ಚರಿತ್ರೆಯಲ್ಲಿ ನಿಜವಾಗಿ ಘಟಿಸಿದ್ದು ಅಲ್ಲಿ.

ಅನ್ಯಾಯದ ಮಾತೂ ನಿಲ್ಲುವುದಿಲ್ಲ. 1896ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ರಮ್‌ಫರ್ಡ್ ಪದಕವನ್ನು ಇಬ್ಬರಿಗೂ ಕೊಟ್ಟಿತು. 1905ರಲ್ಲಿ ಕ್ಯಾಥೋಡ್ ಕಿರಣಗಳ ಕೆಲಸಕ್ಕಾಗಿ ಲೆನಾರ್ಡ್ ಅವರಿಗೂ ನೊಬೆಲ್ ಬಂತು. ಆದರೂ ಅವರ ಮನಸ್ಸು ತಣಿಯಲಿಲ್ಲ, ಮುಂದೆ ಹಿಟ್ಲರನ ಬೆಂಬಲಿಗರಾಗಿ ಐನ್‌ಸ್ಟೈನ್ ಅವರ ಭೌತವಿಜ್ಞಾನವನ್ನು ಯಹೂದಿ ವಿಜ್ಞಾನವೆಂದು ಹಳಿಯುವ 'ಜರ್ಮನ್ ಭೌತವಿಜ್ಞಾನ'ದ ಮುಂದಾಳಾದರು. ಲೆನಾರ್ಡ್ ಪರವಾದ ಬರಹಗಳನ್ನು ಓದುವಾಗ, ವಿಶೇಷವಾಗಿ ಅವು 1930ರ ದಶಕದ ಜರ್ಮನಿಯವಾಗಿದ್ದರೆ, ಈ ಹಿನ್ನೆಲೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ರಾಂಟ್ಜೆನ್ ಅವರ ಬದುಕಿನ ಕೆಲವು ಸಂಗತಿಗಳನ್ನು ಮಕ್ಕಳಿಗೆ ಹೇಳಲೇಬೇಕೆಂದು ನನಗನ್ನಿಸುತ್ತದೆ. 1845ರ ಮಾರ್ಚ್ 27ರಂದು ಜರ್ಮನಿಯ ಲೆನೆಪ್‌ನಲ್ಲಿ ಹುಟ್ಟಿದ ಅವರು ಬೆಳೆದದ್ದು ನೆದರ್ಲೆಂಡ್ಸ್‌ನಲ್ಲಿ. ಯೂಟ್ರೆಕ್ಟ್‌ನ ಶಾಲೆಯಲ್ಲಿ ಉಪಾಧ್ಯಾಯರೊಬ್ಬರ ವ್ಯಂಗ್ಯಚಿತ್ರ ಬರೆದ ಸಹಪಾಠಿಯ ಹೆಸರು ಹೇಳಲು ಒಪ್ಪದೆ ಶಾಲೆಯಿಂದ ಹೊರಬಿದ್ದರು. ವಿಶ್ವವಿದ್ಯಾಲಯದ ಪ್ರವೇಶಕ್ಕೆ ಬೇಕಾದ ಶಾಲಾ ಪ್ರಮಾಣಪತ್ರವಿಲ್ಲದ ಕಾರಣ, ಅದಿಲ್ಲದೆಯೂ ಸೇರಿಸಿಕೊಳ್ಳುತ್ತಿದ್ದ ಜ್ಯೂರಿಕ್‌ನ ಪಾಲಿಟೆಕ್ನಿಕ್‌ಗೆ ಸೇರಿ ಯಂತ್ರಶಾಸ್ತ್ರ ಓದಿ, 1869ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. ಅದೇ ಪ್ರಮಾಣಪತ್ರದ ಕೊರತೆಯಿಂದ ಅಧ್ಯಾಪಕತ್ವದ ಅರ್ಹತೆಯನ್ನು ನಿರಾಕರಿಸಿದ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಅವರು 1888ರಲ್ಲಿ ಪ್ರಾಧ್ಯಾಪಕರಾಗಿ ಮರಳಿದರು, 1894ರಲ್ಲಿ ಅದರ ಕುಲಪತಿಯೂ ಆದರು. ಕ್ಷ-ಕಿರಣದ ಹೊತ್ತಿಗೆ ಅವರಿಗೆ ಐವತ್ತು ವರ್ಷ, ಅನಿಲ, ದ್ರವ, ಸ್ಫಟಿಕಗಳ ಮೇಲೆ ಬಹು ನಾಜೂಕಾದ ಅಳತೆಗಳನ್ನು ಮಾಡಿ ಪಳಗಿದ ಕೈ.

1901ರಲ್ಲಿ ಭೌತವಿಜ್ಞಾನದ ಮೊತ್ತಮೊದಲ ನೊಬೆಲ್ ಅವರಿಗೆ ಬಂತು. ಸ್ಟಾಕ್‌ಹೋಮ್‌ಗೆ ಹೋಗಿ ಸ್ವೀಕರಿಸಿದರು, ನೊಬೆಲ್ ಉಪನ್ಯಾಸ ಮಾತ್ರ ಕೊಡಲಿಲ್ಲ. ಬಹುಮಾನದ ಹಣವನ್ನು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಹೆಸರಿನ ಹಿಂದೆ ಕುಲೀನರ 'ಫಾನ್' ಸೇರಿಸಿಕೊಳ್ಳುವ ಗೌರವವನ್ನು ಒಲ್ಲೆನೆಂದರು. ಯಾವ ಪೇಟೆಂಟನ್ನೂ ಪಡೆಯಲಿಲ್ಲ, ಆದ್ದರಿಂದ ಆಸ್ಪತ್ರೆಗಳು ಯಾರ ಅಪ್ಪಣೆಗೂ ಕಾಯದೆ ಈ ಕಿರಣವನ್ನು ಬಳಸಿದವು. 1923ರ ಫೆಬ್ರವರಿ 10ರಂದು, ಜರ್ಮನಿಯ ಹಣ ಬೆಲೆ ಕಳೆದುಕೊಳ್ಳುತ್ತಿದ್ದ ದಿನಗಳಲ್ಲಿ, ಮ್ಯೂನಿಕ್‌ನಲ್ಲಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಸಮಾಧಿ ಗೀಸನ್‌ನಲ್ಲಿದೆ.

ಉತ್ತರ — ಸ್ಫಟಿಕ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು

ಪರಂಪರೆಯ ವಿಷಯ ಬಂದಾಗ ಆಸ್ಪತ್ರೆಯ ಬಗ್ಗೆ ಮಾತ್ರ ಹೇಳುವುದು ರೂಢಿ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಆಳವಾದ ಪರಿಣಾಮ ಸ್ಫಟಿಕಗಳ ಮೂಲಕ ಆಯಿತು. ಈ ಕಿರಣದ ಸ್ವರೂಪವೇನೆಂದು ರಾಂಟ್ಜೆನ್ ಅವರಿಗೆ ತಿಳಿದಿರಲಿಲ್ಲ. ಬೆಳಕನ್ನು ಹೊತ್ತೊಯ್ಯುತ್ತದೆಂದು ಅಂದು ನಂಬಿದ್ದ ಈಥರ್ ಎಂಬ ಮಾಧ್ಯಮದಲ್ಲಿ ಉಂಟಾಗುವ ಉದ್ದಲೆಗಳು (ಶಬ್ದದಂತೆ ಸಾಗುವ ದಿಕ್ಕಿನಲ್ಲೇ ಕಂಪಿಸುವ ಅಲೆಗಳು) ಇರಬಹುದೇ ಎಂದು ಪ್ರಬಂಧದ ಕೊನೆಯಲ್ಲಿ ಊಹಿಸಿದ್ದರು, ಆ ಊಹೆ ನಿಲ್ಲಲಿಲ್ಲ. ಅಲೆಯೋ ಕಣವೋ ಎಂಬ ಚರ್ಚೆ 1912ರವರೆಗೂ ನಡೆಯಿತು. ಆ ವರ್ಷ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಲಾವೆ ಅವರ ಸೂಚನೆಯಂತೆ ಫ್ರೀಡ್ರಿಕ್ ಮತ್ತು ಕ್ನಿಪ್ಪಿಂಗ್ ಎಂಬ ತರುಣರು ಮೈಲುತುತ್ತದ ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿದಾಗ ಛಾಯಾಫಲಕದ ಮೇಲೆ ಚುಕ್ಕಿಗಳ ವಿನ್ಯಾಸ ಮೂಡಿತು. ಕಿರಣ ಅಲೆ, ಹರಳಿನಲ್ಲಿ ಪರಮಾಣುಗಳು ಕ್ರಮವಾಗಿ ಜೋಡಣೆಯಾಗಿವೆ ಎಂಬೆರಡೂ ಒಂದೇ ಚಿತ್ರದಿಂದ ಸಿದ್ಧವಾದವು. ಆ ಇಬ್ಬರೂ ರಾಂಟ್ಜೆನ್ ಅವರ ಬಳಿ ಡಾಕ್ಟರೇಟ್‌ಗೆ ಕೆಲಸ ಮಾಡಿದವರೆಂಬುದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಬ್ರ್ಯಾಗ್ ತಂದೆ-ಮಗ ಅದನ್ನು ರಚನೆ ತಿಳಿಯುವ ವಿಧಾನವಾಗಿಸಿದರು, 1952ರಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದಲ್ಲಿ ತೆಗೆದ ಡಿಎನ್ಎ ಚಿತ್ರ ಆ ದಾರಿಯಲ್ಲೇ ಬಂದದ್ದು.

ಈ ಪರಂಪರೆಯಲ್ಲಿ ಬೆಂಗಳೂರಿಗೂ ನಿಜವಾದ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿ ವಜ್ರದ ಮೇಲೆ ಕ್ಷ-ಕಿರಣದ ಅಧ್ಯಯನ ಮಾಡಿದ ಜಿ. ಎನ್. ರಾಮಚಂದ್ರನ್, 1954ರಲ್ಲಿ ಮದರಾಸಿನಲ್ಲಿ ಗೋಪೀನಾಥ್ ಕರ್ತಾ ಅವರೊಂದಿಗೆ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ಮೂರೆಳೆಯ ರಚನೆಯನ್ನು ಮುಂದಿಟ್ಟರು. ಮತ್ತೆ ಬೆಂಗಳೂರಿಗೆ ಬಂದು 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ, ಬೇರೆಬೇರೆ ಕೋನಗಳಿಂದ ತೆಗೆದ ಎಕ್ಸ್-ರೇ ನೆರಳುಗಳಿಂದ ಒಳಗಿನ ರಚನೆಯನ್ನು ಗಣಿತದಿಂದ ಮರಳಿ ಕಟ್ಟುವ ವೇಗದ ವಿಧಾನವನ್ನು ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಂಜಿನಿಯರ್ ಹೌನ್ಸ್‌ಫೀಲ್ಡ್ ಅವರ ಯಂತ್ರದಿಂದ ಮೊದಲ ರೋಗಿಯ ಮಿದುಳಿನ ಸಿಟಿ ಸ್ಕ್ಯಾನ್ ಆಯಿತು. ಸಿಟಿ ಚಿತ್ರ ಕಟ್ಟುವ ಗಣಿತವನ್ನು ಕಲಿಸುವ ಹಲವು ಪಠ್ಯಗಳಲ್ಲಿ 'ರಾಮ್-ಲ್ಯಾಕ್ ಫಿಲ್ಟರ್' ಎಂಬ ಹೆಸರಿನಲ್ಲಿ ಇವರಿಬ್ಬರೂ ಇದ್ದಾರೆ.

ಮಲೆನಾಡಿನ ವಿಜ್ಞಾನ ಶಿಕ್ಷಕಿ

ರಾಮಚಂದ್ರನ್ ಅವರ ವಿಷಯ ಗೊತ್ತೇ ಇರಲಿಲ್ಲ, ಬಹಳ ಸಂತೋಷವಾಯಿತು. ಕೊನೆಯದಾಗಿ ಒಂದು ಪ್ರಶ್ನೆ. ಕ್ಷ-ಕಿರಣವೂ ಬೆಳಕಿನಂತೆಯೇ ವಿದ್ಯುತ್ಕಾಂತೀಯ ಅಲೆಯಾಗಿದ್ದರೆ, ಪಟ್ಟಕದಲ್ಲಿ ಅದು ವಕ್ರೀಭವನವಾಗುವುದನ್ನು ರಾಂಟ್ಜೆನ್ ಅವರಂಥ ನಿಪುಣರು ಕಾಣಲಿಲ್ಲವೇಕೆ? ಇದನ್ನು ತರಗತಿಯಲ್ಲಿ ತೋರಿಸುವ ದಾರಿಯೇನಾದರೂ ಇದೆಯೇ?

ಉತ್ತರ — ನಿವೃತ್ತ ಭೌತಶಾಸ್ತ್ರ ಅಧ್ಯಾಪಕ

ಮೇಡಂ, ಅವರು ಹುಡುಕಿದ್ದರು. ಎಬೊನೈಟ್ (ಗಟ್ಟಿ ರಬ್ಬರ್) ಮತ್ತು ಅಲ್ಯೂಮಿನಿಯಂ ಪಟ್ಟಕಗಳನ್ನಿಟ್ಟು ನೋಡಿ, ಕಿರಣ ಎಷ್ಟು ಬಾಗುತ್ತದೆಂದು ಹೇಳುವ ವಕ್ರೀಭವನ ಸೂಚ್ಯಂಕ ಇದ್ದರೂ 1.05ಕ್ಕಿಂತ ಹೆಚ್ಚಿರಲಾರದು ಎಂದು ಬರೆದರು. ನಿಜವಾದ ಬೆಲೆ 1ಕ್ಕಿಂತ ಕೊಂಚ ಕಡಿಮೆ, ವ್ಯತ್ಯಾಸ ಸಾಮಾನ್ಯವಾಗಿ ಹತ್ತು ಲಕ್ಷದಲ್ಲಿ ಕೆಲವೇ ಪಾಲು, ಅಂದಿನ ಯಾವ ಸಾಧನಕ್ಕೂ ಅದು ನಿಲುಕುತ್ತಿರಲಿಲ್ಲ. ಕ್ಷ-ಕಿರಣಕ್ಕೆ ಸಾಧಾರಣ ಮಸೂರ ಕೆಲಸಕ್ಕೆ ಬಾರದಿರುವುದಕ್ಕೂ, ಎಕ್ಸ್-ರೇ ಎಂಬುದು ಇಂದಿಗೂ ನೆರಳಿನ ಚಿತ್ರವಾಗಿಯೇ ಇರುವುದಕ್ಕೂ ಅದೇ ಕಾರಣ.

ಪಟ್ಟಕವನ್ನಷ್ಟೇ ನಂಬದೆ ಅವರು ಇನ್ನೊಂದು ಪರೀಕ್ಷೆಯನ್ನೂ ಮಾಡಿದ್ದರು, ತರಗತಿಗೆ ಅದೇ ಯೋಗ್ಯವಾದದ್ದು. ದೊಡ್ಡದೊಂದು ಕಲ್ಲುಸಕ್ಕರೆ ಹರಳನ್ನು ಮಕ್ಕಳ ಕೈಗೆ ಕೊಡಿ, ಅದರ ಮೂಲಕ ಬೆಳಕು ಹಾಯುತ್ತದೆ. ಅದನ್ನೇ ಕುಟ್ಟಿ ಪುಡಿ ಮಾಡಿ ಅಷ್ಟೇ ದಪ್ಪಕ್ಕೆ ಗಾಜಿನ ಮೇಲೆ ಹರಡಿದರೆ ಬೆಳ್ಳಗಾಗಿ ಆಚೆಯದು ಕಾಣದಂತಾಗುತ್ತದೆ. ವಸ್ತು ಬದಲಾಗಿಲ್ಲ, ಪ್ರತಿ ಕಣದ ಅಂಚಿನಲ್ಲೂ ಬೆಳಕು ಬಾಗಿ, ಪ್ರತಿಫಲಿಸಿ ಚದುರುತ್ತಿದೆ. ಆ ಪುಡಿಯ ಮೇಲೆ ಸ್ವಲ್ಪ ಅಡುಗೆ ಎಣ್ಣೆ ಸುರಿಯಿರಿ, ಎಣ್ಣೆಯ ಸೂಚ್ಯಂಕ ಸಕ್ಕರೆಯದಕ್ಕೆ ಹತ್ತಿರವಿರುವುದರಿಂದ ಪುಡಿ ಮತ್ತೆ ಸಾಕಷ್ಟು ತಿಳಿಯಾಗುತ್ತದೆ. ರಾಂಟ್ಜೆನ್ ಉಪ್ಪಿನ ಹರಳು, ಬೆಳ್ಳಿ, ಸತುವುಗಳ ನುಣ್ಣನೆಯ ಪುಡಿಗಳನ್ನು ತೆಗೆದುಕೊಂಡು, ಅಷ್ಟೇ ಪ್ರಮಾಣದ ಇಡಿಯ ತುಂಡುಗಳೊಂದಿಗೆ ಹೋಲಿಸಿದರು. ಎರಡರ ಮೂಲಕವೂ ಕ್ಷ-ಕಿರಣ ಒಂದೇ ರೀತಿ ಹಾದುಹೋಯಿತು. ಕಣಗಳ ಅಂಚಿನಲ್ಲಿ ಕಿರಣ ಗಮನಾರ್ಹವಾಗಿ ಬಾಗುತ್ತಲೂ ಇಲ್ಲ, ಪ್ರತಿಫಲಿಸುತ್ತಲೂ ಇಲ್ಲ ಎಂಬುದು ಅದರಿಂದ ಸ್ಪಷ್ಟವಾಯಿತು. ಮಕ್ಕಳಿಗೆ ಕಲ್ಲುಸಕ್ಕರೆಯನ್ನು ತೋರಿಸಿದ ಮೇಲೆ, ಕ್ಷ-ಕಿರಣಕ್ಕೆ ಪುಡಿ ಮತ್ತು ಹರಳು ಎರಡೂ ಒಂದೇ ಆಗಿ ಕಂಡವು ಎಂದಷ್ಟೇ ಹೇಳಿ, ಅದರಿಂದ ಏನು ತಿಳಿಯುತ್ತದೆ ಎಂಬುದನ್ನು ಅವರನ್ನೇ ಕೇಳಿ.